ಬಿಸಿಲಲ್ಲಿ ಓದಲು ಬರುವ ಹಲಗೆ

ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಇದ್ದಕ್ಕಿದ್ದಂತೆ ಇಂಜಿನ್ ಆಫ್ ಆಯಿತು ಅಂದುಕೊಂಡೆ. ಬಸ್ಸು ಕೆಟ್ಟಿತಲ್ಲ, ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಸೇರುವುದಕ್ಕಾಗುವುದಿಲ್ಲವಲ್ಲ ಎಂದು ಕಿಟಕಿಯಾಚೆ ನೋಡಿದರೆ ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡುತ್ತಲೇ ಇದ್ದವು. ಸೀಟು ಅದುರುತ್ತಿತ್ತು. ಕಂಡಕ್ಟರ್ ನನ್ನೆದುರು ನಿಂತು ಬಾಯಿ ಆಡಿಸುತ್ತಿದ್ದ. ಆಧಾರ್ ಕಾರ್ಡ್ ಕೇಳುತ್ತಿದ್ದಾನೆ ಎಂದು ಊಹಿಸಿ ತೆಗೆದು ತೋರಿಸಿದೆ. ಅವನು ಟಿಕೆಟ್ ಹರಿದುಕೊಟ್ಟ. ಕಾಗದ ಹರಿದ ಸದ್ದೂ ಇರಲಿಲ್ಲ.

ನನ್ನ ಎಡಗಿವಿ ಚಿಕ್ಕಂದಿನಲ್ಲಿ ಮಂಗನಬಾವು ಬಂದಾಗಲೇ ಹೋಗಿತ್ತು. ಅದರ ಬಗ್ಗೆ ನನಗೆ ಅಂಥ ಕೊರಗಿರಲಿಲ್ಲ. ಬಲಗಿವಿ ಚೆನ್ನಾಗಿತ್ತು, ಯಾರು ಮಾತಾಡಿದರೂ ತಲೆ ಕೊಂಚ ಓರೆ ಮಾಡಿ ಕೇಳುತ್ತಿದ್ದೆ. ಆವತ್ತು ಬೆಳಿಗ್ಗೆ ಆ ಬಲಗಿವಿಯೂ ಹೋಯಿತು. ಜ್ವರವಿಲ್ಲ, ಪೆಟ್ಟಿಲ್ಲ, ನೋವೂ ಇಲ್ಲ. ಯಳಂದೂರಿನಲ್ಲಿ ಇಳಿದು, ರಸ್ತೆ ದಾಟಲು ಹೆದರಿ, ಬಸ್ ಸ್ಟ್ಯಾಂಡಿನ ಕಂಬ ಹಿಡಿದುಕೊಂಡು ನಿಂತೇ ಇದ್ದೆ. ಆಮೇಲೆ ಗಂಡನಿಗೆ ಮೆಸೇಜು ಮಾಡಿದೆ: "ಬನ್ನಿ. ಏನೂ ಕೇಳಿಸ್ತಿಲ್ಲ."

ಮುಂದಕ್ಕೆ ಹೇಳುವ ಮೊದಲು ಒಂದು ಮಾತು. ಅಲ್ಲಿಂದಾಚೆಗೆ ಬೇರೆಯವರು ಆಡಿದರೆಂದು ಇಲ್ಲಿ ಬರೆದಿರುವ ಯಾವ ಮಾತನ್ನೂ ನಾನು ಕೇಳಿದ್ದಲ್ಲ. ತುಟಿ ನೋಡಿ ತಿಳಿದದ್ದು, ಪರದೆಯ ಮೇಲೆ ಓದಿದ್ದು, ಯಾರೋ ಬರೆದು ತೋರಿಸಿದ್ದು, ಎಲ್ಲವನ್ನೂ ಸೇರಿಸಿ ಜೋಡಿಸಿಕೊಂಡಿದ್ದೇನೆ.

ಮೈಸೂರಿನ ಆಸ್ಪತ್ರೆಯಲ್ಲಿ ಕಿವಿಯೊಳಕ್ಕೇ ಇಂಜೆಕ್ಷನ್ ಕೊಟ್ಟರು. ಮತ್ತೆ ಮತ್ತೆ ಹೋದೆವು, ಮತ್ತೆ ಮತ್ತೆ ಕೊಟ್ಟರು. ಕಿವಿಗೆ ಮೆಷಿನ್ ಹಾಕಿ ನೋಡಿದಾಗ ಜಲ್ಲಿ ಕ್ರಷರ್ ಪಕ್ಕದಲ್ಲಿ ನಿಂತ ಹಾಗೆ ಗರಗರ ಅಂದಿತೇ ಹೊರತು ಅದರೊಳಗೆ ಒಂದು ಮಾತೂ ಇರಲಿಲ್ಲ. ಒಳಗೆ ಯಂತ್ರ ಕೂರಿಸುವ ಆಪರೇಷನ್ನಿನ ಬಗ್ಗೆ ಕೇಳಿದೆವು. ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಚೀಟಿಯ ಹಿಂದೆ ಬರೆದರು: "ನರವೇ ಸರಿ ಇಲ್ಲ. ಮಾಡಿದರೂ ಮಾತು ತಿಳಿಯುತ್ತದೆ ಎಂದು ಭರವಸೆ ಕೊಡಲಾರೆ." ಅಕ್ಷರ ದುಂಡಗಿತ್ತು, ಡಾಕ್ಟರುಗಳ ಬರಹದಂತಿರಲಿಲ್ಲ. ನನಗೆ ಅರ್ಥವಾಗಲಿ ಎಂದೇ ನಿಧಾನವಾಗಿ ಬರೆದಿದ್ದರು. ಅದನ್ನು ಕಂಡೇ ನನಗೆ ಅಳು ಬಂತು.

ಕಿವಿಯೇ ನನ್ನ ಕಸುಬು. ಯಳಂದೂರಿನ ತಾಲ್ಲೂಕು ಕಚೇರಿಯ ಹೊರಗೆ, ಹೊಂಗೆಮರದ ಕೆಳಗೆ ನನ್ನದೊಂದು ಮೇಜು. ಜನ ಬಂದು ಕೂತು ತಮ್ಮ ಪಾಡು ಹೇಳುತ್ತಾರೆ, ನಾನು ಅದನ್ನು ಅರ್ಜಿಯೋ ಕರಾರೋ ಪತ್ರವೋ ಮಾಡಿ ಬರೆದುಕೊಡುತ್ತೇನೆ. "ನಮ್ಮಟ್ಟಿ ಪಕ್ಕದ್ ಒಲವ ಅವ್ನು ಸೇರಿಸ್ಕಂಬುಟ್ಟವ್ನ ಕನವ್ವ" ಎಂದು ಒಬ್ಬಾಕೆ ಹೇಳಿದರೆ, ನನ್ನ ಕೈಯಲ್ಲಿ ಅದು "ನಮ್ಮ ಸ್ವಾಧೀನಾನುಭವದಲ್ಲಿರುವ ಜಮೀನನ್ನು ಸದರಿಯವರು ಒತ್ತುವರಿ ಮಾಡಿಕೊಂಡಿರುತ್ತಾರೆ" ಆಗಬೇಕು. ಬರೆದಾದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ಹೂಂ ಅಂದ ಮೇಲೆಯೇ ಹೆಬ್ಬೆಟ್ಟು. ಫೋನಿನಲ್ಲಿ ಪಹಣಿ ತೆಗೆದು ಸರ್ವೆ ನಂಬರು ತಾಳೆ ನೋಡುವುದೂ ನನ್ನದೇ ಕೆಲಸ.

ಆಸ್ಪತ್ರೆಯ ಓಡಾಟ ಮುಗಿದ ಮೇಲೆ ಮತ್ತೆ ಮೇಜು ಹಾಕಿದೆ. "ನಂಗೆ ಕಿವಿ ಕೇಳಲ್ಲ. ಹೇಳೋದನ್ನ ಬರೆದು ಕೊಡಿ" ಎಂದು ರಟ್ಟಿನ ಮೇಲೆ ಬರೆದು ಇಟ್ಟೆ. ಮೊದಲು ಬಂದು ಕೂತವರು ಗೌಡನಹಳ್ಳಿ ಕಡೆಯ ಇಬ್ಬರು. ರಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಒಬ್ಬ ಬೆರಳಿನಿಂದ ರಟ್ಟು ತೋರಿಸಿ ಏನೋ ಕೇಳಿದ. ಏನು ಬರೆದಿದೆ ಎಂದು ಕೇಳುತ್ತಿದ್ದ.

ಅಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬರೆಯಲು ಬರದವರೇ ನನ್ನ ಹತ್ತಿರ ಬರುವವರು. ಬರೆಯಲು ಬರುವವರಿಗೆ ನನ್ನಿಂದ ಆಗಬೇಕಾದ್ದೇನು? ಆ ರಟ್ಟನ್ನು ಮಡಚಿ ಚೀಲದೊಳಗೆ ಇಟ್ಟುಬಿಟ್ಟೆ.

ಮನೆಯಲ್ಲಿ ನಾವಿಬ್ಬರೇ. ನನ್ನ ಗಂಡ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಗೆ ಹೋಗುತ್ತಾರೆ. ಅಲ್ಲಿ ಯಂತ್ರಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಂತೆ, ಎಲ್ಲ ಕೈಸನ್ನೆಯೇ. ದಾರ ಹರಿಯಿತು ಅನ್ನಲಿಕ್ಕೆ ಒಂದು, ಕರೆಂಟು ಹೋಗುತ್ತೆ ಅನ್ನಲಿಕ್ಕೆ ಒಂದು, ಊಟಕ್ಕೆ ಬಾ ಅನ್ನಲಿಕ್ಕೆ ಒಂದು. ಅವರು ಮನೆಯಲ್ಲೂ ಹಾಗೇ ಕೈ ಆಡಿಸಲು ಶುರು ಮಾಡಿದರು. ಒಂದು ಸಂಜೆ ಎರಡು ಬೆರಳು ತಿರುಗಿಸಿ, ಎದೆ ಮುಟ್ಟಿ, ಬಾಗಿಲ ಕಡೆ ತೋರಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ.

"ನಾನೇನ್ ಮೂಗೀನಾ? ನಂಗ್ಯಾಕ್ ಇಂಗ್ ಕೈಬಾಯಿ ತಿರುಗುಸ್ತೀರಿ?" ಎಂದು ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೋ ನನಗೆ ಗೊತ್ತಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಗಂಡ ಫೋನು ತೆಗೆದು ಬರೆದರು: "ಟೀ ಕುಡಿದು ಬರೋಣ ಬಾ ಅಂದೆ ಅಷ್ಟೆ."

ಫೋನಿನಲ್ಲಿ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಇದೆ ಎಂದು ತೋರಿಸಿದ್ದು ಅವರೇ. ಮೈಕಿನ ಗುರುತು ಒತ್ತಿ ಅವರು ಮಾತಾಡಿದರು, ಪರದೆಯ ಮೇಲೆ ಸಾಲು ಮೂಡಿತು. "ನೀನು ಹೆದರಬೇಡ." ನಾನು ಆ ಸಾಲನ್ನು ಎಷ್ಟು ಹೊತ್ತು ನೋಡಿದೆನೋ. ಆಗಿನ ನನ್ನ ಆಸೆ ಹೇಳತೀರದು. ದೊಡ್ಡ ಪರದೆಯದು, ಒಳ್ಳೆಯ ಮೈಕಿನದು ಒಂದಿದ್ದರೆ ನನ್ನ ಮೇಜು ಉಳಿಯಿತು ಅಂದುಕೊಂಡೆ. ನನ್ನ ಫೋನು ಹಳೆಯದು, ಗಾಜು ಒಡೆದಿತ್ತು, ಮಧ್ಯಾಹ್ನದ ಹೊತ್ತಿಗೆ ಸತ್ತುಹೋಗುತ್ತಿತ್ತು. ಮರದ ಕೆಳಗೆ ಪ್ಲಗ್ ಎಲ್ಲಿಂದ ತರುವುದು?

ಹಾಗೆ ಹುಡುಕಲು ಶುರು ಮಾಡಿದೆ. ಕೈಯಲ್ಲಿ ಹಿಡಿಯುವಂತಿರಬೇಕು, ಬರೆದುಕೊಳ್ಳಲು ಬರಬೇಕು, ಪಹಣಿಯ ಪುಟ ತೆರೆಯಬೇಕು, ಸಂಜೆಯ ತನಕ ಚಾರ್ಜ್ ನಿಲ್ಲಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಜನರ ಮಾತು ಅದಕ್ಕೆ ಕೇಳಿಸಬೇಕು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದಿದ್ದರು. ಪೆನ್ನು ಎಷ್ಟು ನಯವಾಗಿ ಓಡುತ್ತದೆ, ಪರದೆ ಕಾಗದದಂತಿದೆಯೋ ಇಲ್ಲವೋ, ಕವರಿನ ಬಣ್ಣ ಯಾವುದು ಚೆಂದ. ಬರೆದವರು ಕಾಫಿ ಅಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಫೋಟೋ ಹಾಕಿದ್ದರು. ನನಗೆ ಬೇಕಾದ್ದು ಒಂದೇ ಸಂಗತಿ, ಮಾಂಬಳ್ಳಿಯ ಮುದುಕಿಯೊಬ್ಬಳ ಮಾತು ಇದಕ್ಕೆ ತಿಳಿಯುತ್ತದೆಯೇ ಎಂದು. ಅದನ್ನು ಮಾತ್ರ ಒಬ್ಬರೂ ಬರೆದಿರಲಿಲ್ಲ.

ಕೊಳ್ಳೇಗಾಲದ ಒಂದು ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿ ನಡೆಸುತ್ತಿದ್ದಾಕೆ ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು. ಗಂಡ ವಿಷಯ ಹೇಳಿದ ಮೇಲೆ ಅವಳು ಬಿಲ್ ಪುಸ್ತಕ ಎಳೆದುಕೊಂಡು ನನ್ನ ಜೊತೆ ಬರೆದೇ ಮಾತಾಡಿದಳು. ಮೂರು ಸಾಮಾನು ತಂದಿಟ್ಟಳು. ಒಂದು ದೊಡ್ಡ ಫೋನು, ಒಂದು ಮಿರಮಿರ ಹೊಳೆಯುವ ಟ್ಯಾಬು, ಅದರ ಜೊತೆ ಪೆನ್ನು. ಇನ್ನೊಂದು ಮಂಕು ಬೂದು ಬಣ್ಣದ ಹಲಗೆಯಂಥದ್ದು, ಯಾರೋ ಬಳಸಿ ವಾಪಸ್ ಕೊಟ್ಟದ್ದು. "ಇದ್ರಲ್ಲಿ ಸಿನಿಮಾ ನೋಡೋಕಾಗಲ್ಲ ಅಕ್ಕ, ಕಲರ್ ಇಲ್ಲ, ಮೈಕೂ ಇಲ್ಲ. ಬರೆಯೋಕೆ ಮಾತ್ರ" ಎಂದು ಬರೆದಳು. ಮೈಕಿಲ್ಲ ಎಂದ ಮೇಲೆ ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಟ್ಯಾಬಿನ ಮುಂದೆ ಅಂಗಡಿಯಾಕೆ ಮಾತಾಡಿದಳು, ಸಾಲು ಸರಿಯಾಗಿ ಬಂತು. ಗಂಡನಿಗೆ ಕೊಟ್ಟೆವು. ಅವರು, "ಅಣ್ತಮ್ದೀರು ಒಲ ಬುಟ್ಕೊಟ್ಟವ್ರೆ" ಎಂದರಂತೆ. ಪರದೆಯ ಮೇಲೆ, "ಅನ್ನ ತಂದಿರು ಒಲೆ ಬಿಟ್ಟು ಕೊಟ್ಟವರೇ" ಎಂದು ಬಂತು. ಮೂವರೂ ನಕ್ಕೆವು. ಎಷ್ಟೋ ದಿನದ ಮೇಲೆ ನಕ್ಕದ್ದು. ಗಂಡ ಬಿಲ್ ಪುಸ್ತಕದ ಮೇಲೆ ಬರೆದರು, "ಯೋಚ್ನೆ ಮಾಡು." ನಾನು ಯೋಚನೆ ಮಾಡಲಿಲ್ಲ. ಯೋಚಿಸಿದರೆ ಅದೂ ಕೈಬಿಟ್ಟು ಹೋಗುತ್ತದೆ ಎಂಬ ಹೆದರಿಕೆ. ನೀರಿನಲ್ಲಿ ಕೊಚ್ಚಿಹೋಗುವವರು ಹುಲ್ಲಿನ ಬಣ್ಣ ನೋಡುತ್ತಾರೆಯೇ? ಟ್ಯಾಬು ತೆಗೆದುಕೊಂಡೇ ಬಂದೆ.

ಮಾರನೆಯ ದಿನ ಮರದ ಕೆಳಗೆ ಅದನ್ನು ತೆರೆದಿಟ್ಟಾಗ ನನಗೆ ಕಂಡದ್ದು ನನ್ನದೇ ಮುಖ. ಎಲೆಗಳ ಸಂದಿನಿಂದ ಬಿದ್ದ ಬಿಸಿಲಿಗೆ ಗಾಜು ಕನ್ನಡಿಯಾಗಿತ್ತು. ಬೆಳಕು ಪೂರ್ತಿ ಏರಿಸಿದರೆ ಕೈ ಸುಡುವಷ್ಟು ಕಾಯುತ್ತಿತ್ತು. ಸೀರೆಯ ಸೆರಗನ್ನು ತಲೆಯ ಮೇಲಿಂದ ಹೊದ್ದು, ಅದರ ನೆರಳಿನಲ್ಲಿ ಓದಿದೆ. ಓದಿದ್ದಾದರೂ ಏನು? ಮೈಕಿಗೆ ಎದುರು ಕೂತವರೂ ಒಂದೇ, ಹಿಂದೆ ಹೋಗುವ ಬಸ್ಸೂ ಒಂದೇ, ಟೀ ಅಂಗಡಿಯಲ್ಲಿ ಜಗಳವಾಡುವವರೂ ಒಂದೇ. ಎಲ್ಲರ ಮಾತೂ ಒಂದೇ ಸಾಲಿನಲ್ಲಿ ಬಂದು ಬೀಳುತ್ತಿತ್ತು. ಗೊತ್ತಿರುವ ಆಡುಮಾತೇ ಆದ್ದರಿಂದ ಆ ಕಲಸುಮೇಲೋಗರವನ್ನು ಬಾಯೊಳಗೇ ಹೇಳಿಕೊಂಡು, ಇದು ಹೀಗಿರಬೇಕು, ಅದು ಹಾಗಿರಬೇಕು ಎಂದು ಬಿಡಿಸಿಕೊಳ್ಳುತ್ತಿದ್ದೆ. ಹೀಗೇ ಸ್ವಲ್ಪ ದಿನ ನಡೆಯಿತು. ಪಳಗುತ್ತಿದ್ದೇನೆ ಎಂಬ ಧೈರ್ಯವೂ ಬಂತು.

ಅಂಥ ದಿನದಲ್ಲೇ ಮಾಂಬಳ್ಳಿಯಿಂದ ಒಬ್ಬ ಮುದುಕಿ ಬಂದಳು. ಒಬ್ಬಳೇ ಬಂದಿದ್ದಳು. ತೌರಿನ ಜಮೀನಿನ ವಿಷಯ ಎಂದು ತಿಳಿಯಿತು. ಟ್ಯಾಬಿನ ಮುಂದೆ ಬಾಗಿ ಬಹಳ ಹೊತ್ತು ಹೇಳಿದಳು. ನಾನು ಸೆರಗು ಹೊದ್ದು ಓದಿದೆ. "ನನ್ನ ಪಾಲನ್ನು ನಾನು ಬಿಡೋಕೆ" ಎಂದಿತ್ತು. ಮುಂದೆ ಯಾವುದೋ ಲಾರಿಯ ಹಾರನ್ನಿಗೆ ಸಾಲು ಕಡಿದು, "ಅನ್ನ ತಂದಿರು ಬರೆಸಿಕೊಂಡು ಬಿಟ್ಟರು" ಎಂದಿತ್ತು. ಅನ್ನ ತಂದಿರು ಎಂದರೆ ಅಣ್ಣತಮ್ಮಂದಿರು ಎಂದು ನಾನು ಜಾಣೆಯಂತೆ ತಿದ್ದಿಕೊಂಡೆ. ಪಾಲು ಬಿಡುತ್ತಿದ್ದಾಳೆ, ಅಣ್ಣತಮ್ಮಂದಿರ ಹೆಸರಿಗೆ ಬರೆಸಬೇಕು. ಇಂಥವು ನಮ್ಮಲ್ಲಿ ದಿನಕ್ಕೊಂದು ಬರುತ್ತವೆ. ಪೆನ್ನು ತೆಗೆದು ಟ್ಯಾಬಿನ ಮೇಲೇ ಕರಡು ಬರೆದೆ. ನನ್ನ ಅಣ್ಣತಮ್ಮಂದಿರ ಹೆಸರಿಗೆ ಖಾತೆ ಮಾಡಲು ನನ್ನದೇನೂ ತಕರಾರು ಇರುವುದಿಲ್ಲ, ಸ್ವಸಂತೋಷದಿಂದ ಒಪ್ಪಿರುತ್ತೇನೆ.

ಎಂದಿನಂತೆ ಗಟ್ಟಿಯಾಗಿ ಓದಿದೆ. ನನ್ನ ದನಿ ನನಗೇ ಕೇಳದೆ ಓದುವುದು ಹೇಗಿರುತ್ತದೆ ಎಂದು ಹೇಗೆ ಹೇಳಲಿ? ಗಂಟಲು ಅದುರುವುದು ಮಾತ್ರ ತಿಳಿಯುತ್ತದೆ. ಸ್ವಸಂತೋಷದಿಂದ ಎನ್ನುವಲ್ಲಿಗೆ ಬಂದಾಗ ತಲೆ ಎತ್ತಿದೆ. ಮುದುಕಿಯ ಮುಖ ಕಪ್ಪಿಟ್ಟಿತ್ತು. ಎದ್ದು ನಿಂತಳು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಆಕೆ ಅದಕ್ಕೂ ಮುಂಚೆ ಪೆನ್ನು ಹಿಡಿದಿದ್ದಳೋ ಇಲ್ಲವೋ, ಒನಕೆ ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದು, ನಾನು ಬರೆದದ್ದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದಳು.

ಪಕ್ಕದ ಮೇಜಿನ ಬರಹಗಾರರು ಬಂದು, ಆಕೆಯ ಜೊತೆ ಮಾತಾಡಿ, ಕಾಗದದ ಮೇಲೆ ಬರೆದು ನನ್ನ ಮುಂದೆ ಇಟ್ಟರು: "ಆಯಮ್ಮ ಹೇಳ್ತಿರೋದು ಪಾಲು ಬುಡಾಕಿಲ್ಲ ಅಂತ. ಅಣ್ಣತಮ್ಮಂದಿರು ಬರೆಸ್ಕೊಂಡುಬಿಟ್ಟಾರು, ತಡೀಬೇಕು, ತಕರಾರು ಅರ್ಜಿ ಬರ್ಕೊಡಿ ಅಂತ. ನೀವು ಬಿಟ್ಟುಕೊಟ್ಟ ಹಾಗೆ ಬರೆದಿದ್ದೀರಿ." ಬುಡಾಕಿಲ್ಲ. ಆ 'ಇಲ್ಲ' ಲಾರಿಯ ಹಾರನ್ನಿನಲ್ಲಿ ಹೋಗಿತ್ತು.

"ತಪ್ಪಾಯ್ತು ಕನವ್ವ, ತಪ್ಪಾಯ್ತು" ಎಂದು ಆಕೆಯ ಕೈ ಹಿಡಿದುಕೊಂಡೆ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಮತ್ತೆ ನನ್ನ ಮೇಜಿನ ಮುಂದೆ ಕೂರಲಿಲ್ಲ. ಪಕ್ಕದವರು ಆಕೆಯನ್ನು ಕರೆದುಕೊಂಡು ಹೋಗಿ ಅರ್ಜಿ ಬರೆದುಕೊಟ್ಟರು. ನಾನು ಮೇಜು ಮಡಚಿದೆ. ಓದಿ ಹೇಳುವ ಅಭ್ಯಾಸವೊಂದು ಇರದಿದ್ದರೆ? ಆಕೆ ನಂಬಿಕೆಯಿಂದ ಹೆಬ್ಬೆಟ್ಟು ಒತ್ತಿಬಿಟ್ಟಿದ್ದರೆ? ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಮರುದಿನದಿಂದ ಯಳಂದೂರಿಗೆ ಹೋಗುವುದನ್ನು ಬಿಟ್ಟೆ.

ಗಂಡ ನನ್ನನ್ನು ಹನೂರಿಗೆ ಕಳಿಸಿದರು. ಅಲ್ಲಿ ಅಕ್ಕನ ಮನೆ, ಅವ್ವ ಅವಳ ಜೊತೆ ಇದ್ದಾಳೆ. ಸ್ವಲ್ಪ ದಿನ ಇದ್ದು ಬಾ, ಮನಸ್ಸು ಹಗುರವಾಗುತ್ತದೆ ಎಂದು ಬರೆದುಕೊಟ್ಟಿದ್ದರು. ಅವ್ವ ಗಡಿಯ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡದ ನಡುನಡುವೆ ತಮಿಳು ಉಪ್ಪಿನ ಹರಳಿನಂತೆ ಸಿಗುತ್ತದೆ. ನಾವು ಅದನ್ನು ಬೇರೆ ಭಾಷೆ ಎಂದು ಎಂದೂ ಎಣಿಸಿದವರಲ್ಲ. ಅವಳಿಗೆ ಅಕ್ಷರ ಬರುವುದಿಲ್ಲ.

ಹೋದ ಕೂಡಲೇ ಅವ್ವ ನನ್ನ ಕೆನ್ನೆ ಸವರಿ ಏನೋ ಕೇಳಿದಳು. ನಾನು ಟ್ಯಾಬು ತೆಗೆದು ಅವಳ ಮುಂದೆ ಹಿಡಿದೆ. "ಇದ್ಕೇಳು ಅವ್ವ. ಇದ್ ನಂಗ್ ಬರ್ದ್ ತೋರುಸ್ತದ." ಅವಳು ಮತ್ತೆ ಕೇಳಿದಳು. ಪರದೆಯ ಮೇಲೆ ಬಂತು: "ಸಪಾಟು ಆಯಿತಾ ಕಣ್ಣು." ಸಾಪಾಟು ಆಯ್ತಾ ಕಣ್ಣು, ಊಟ ಆಯ್ತಾ ಬಂಗಾರ ಎಂದು ಕೇಳಿದ್ದಳು. ನಾನು ಹುಟ್ಟಿದಾಗಿನಿಂದ ಅವಳು ನನ್ನನ್ನು ಕೇಳಿಕೊಂಡು ಬಂದ ಮಾತು ಅದು. ಆಯ್ತು ಅವ್ವ ಎಂದೆ. ಮುಂದೆ ಅವಳು ಹೇಳಿದ್ದು ಒಂದೂ ಬಿಡಿಸಲು ಬರಲಿಲ್ಲ. ಟ್ಯಾಬಿಗೆ ಕನ್ನಡ ಎಂದು ಹೇಳಿದರೆ ತಮಿಳು ಬಾರದು, ತಮಿಳು ಎಂದು ಹೇಳಿದರೆ ಕನ್ನಡ ಬಾರದು. ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ನನ್ನವ್ವ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಎರಡನೆಯ ದಿನವೋ ಮೂರನೆಯ ದಿನವೋ, ಅವ್ವ ಸೆರಗು ಸರಿಮಾಡಿಕೊಂಡು ನನ್ನೆದುರು ಬಂದು ಕೂತಳು. ಟ್ಯಾಬು ತಾನೇ ಎಳೆದುಕೊಂಡಳು. ಮೈಕಿನ ಕಡೆ ಬಾಗಿ, ಬಾಯಿ ದೊಡ್ಡದು ಮಾಡಿ, ಒಂದೊಂದೇ ಮಾತನ್ನು ಉಸಿರು ಕಟ್ಟಿ ಹೇಳಿದಳು. ಅಕ್ಷರಗಳು ಒಂದೂ ತಪ್ಪಿಲ್ಲದೆ ಮೂಡಿದವು: "ಮಗಳೇ, ನೀವು ಊಟವನ್ನು ಮಾಡಿದಿರಾ?"

ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡಿದರೆ ಅದಕ್ಕೆ ತಿಳಿಯುತ್ತದೆ ಎಂದು ಅಕ್ಕ ಹೇಳಿಕೊಟ್ಟಿದ್ದಳಂತೆ. ನಾನು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವ್ವ ಒಳಗೆ ಕೂತು ಅದನ್ನು ಕಲಿತಿದ್ದಳು. ಅವಳ ಮಾತು ಸರಿಯಾಗಿ ಬರಹವಾದದ್ದು ಅದೊಂದೇ ಸಲ. ನನ್ನನ್ನು ನೀವು ಎಂದಿದ್ದಳು. ಬೀದಿಯಲ್ಲಿ ಹೋಗುವ ಯಾರೋ ಹೆಂಗಸನ್ನು ಕೇಳುವ ಹಾಗೆ. ಅವಳು ನನ್ನ ಮುಖವನ್ನು ನೋಡುತ್ತ ಕಾಯುತ್ತಿದ್ದಳು, ಸರಿಯಾಗಿ ಹೇಳಿದೆನಾ ಎಂದು.

"ಅಂಗ್ ಮಾತಾಡ್ಬ್ಯಾಡ ಕನವ್ವ" ಎಂದೆ. "ನೀನ್ ಎಂಗ್ ಮಾತಾಡಿಯೋ ಅಂಗೇ ಮಾತಾಡು."

ಅವಳು ಮತ್ತೆ ಮೈಕಿಗೆ ಬಾಗಿದಳು. "ಹಾಗಾದರೆ ನಿಮಗೆ ಹೇಗೆ ತಿಳಿಯುತ್ತದೆ?" ಎಂದು ಬಂತು.

ನಾನು ಎದ್ದು ಹಿತ್ತಲಿಗೆ ಹೋದೆ. ಅತ್ತದ್ದು ಅವಳಿಗೆ ಕೇಳಿಸಿರಬೇಕು. ನನಗೆ ಕೇಳಿಸುವುದಿಲ್ಲವಾದ್ದರಿಂದ ಮೆಲ್ಲಗೆ ಅಳುವುದು ಹೇಗೆಂದು ಮರೆತುಹೋಗಿದೆ.

ಊರಿಗೆ ವಾಪಸ್ ಬಂದ ಮೇಲೆ ನಾನು ಯಾವುದಕ್ಕೂ ಬೇಡವಾದವಳಂತೆ ಇದ್ದೆ. ಗಂಡ ಕೆಲಸಕ್ಕೆ ಹೋದ ಕೂಡಲೇ ಟ್ಯಾಬು ಹಿಡಿದು ಕೂರುತ್ತಿದ್ದೆ. ಹೋದ ಕಿವಿ ಬರುವುದು ಹೇಗೆ ಎಂದು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದೆ. ಕೇಳಿದ್ದಕ್ಕೆಲ್ಲ ಅದು ಏನಾದರೊಂದು ತೋರಿಸುತ್ತಿತ್ತು. ಯಾವುದೋ ಬೇರು, ಯಾವುದೋ ತೊಟ್ಟು, ಕುತ್ತಿಗೆ ತಿರುಗಿಸುವ ವ್ಯಾಯಾಮ. ಒಂದು ವಿಡಿಯೋದಲ್ಲಿ ಒಬ್ಬ ಎಣ್ಣೆಯ ಸೀಸೆ ಹಿಡಿದು ಬಹಳ ಹೊತ್ತು ಮಾತಾಡುತ್ತಿದ್ದ. ಕಿವುಡರಿಗೆ ಎಣ್ಣೆ ಮಾರುವವನು ಕೆಳಗೆ ಅಕ್ಷರ ಹಾಕಿರಲಿಲ್ಲ. ಆದರೂ ಅವನ ಕೈ ನೋಡಿಕೊಂಡೇ ನಾನೂ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟುಕೊಂಡೆ. ಬಿಸಿ ಹೆಚ್ಚಾಗಿತ್ತು. ಕಿವಿ ಊದಿ ಕೀವಾಯಿತು. ಗಂಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮನೆಗೆ ಬಂದು, ಟ್ಯಾಬನ್ನು ತೆಗೆದು ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ನಾನು ಕೂಗಾಡಿದೆ. ಅವರು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ, ನಿಧಾನವಾಗಿ ಮುಚ್ಚಿದರು. ಯಂತ್ರ ನಿಲ್ಲಿಸು ಎಂಬುದಕ್ಕೆ ಅವರ ಕಾರ್ಖಾನೆಯ ಸನ್ನೆ ಅದು. ಆವತ್ತು ಅದು ನನಗೆ ಕೇಳದೆಯೇ ತಿಳಿಯಿತು.

ಆ ದಿನಗಳಲ್ಲಿ ಬದುಕು ಬೇಡವೆನಿಸಿತ್ತು ಎಂದು ಬರೆಯಲು ಈಗ ನಾಚಿಕೆಯಿಲ್ಲ. ಬೀದಿಗೆ ಹೋದರೆ ಬೆನ್ನ ಹಿಂದೆ ಏನು ಬರುತ್ತಿದೆಯೋ ಎಂಬ ಹೆದರಿಕೆ. ಒಳಗಿದ್ದರೆ ಗೋಡೆಗಳ ಹೆದರಿಕೆ. ಮತ್ತೆ ಹೊರಗೆ ಬರುವ ಹಾಗೆ ಮಾಡಿದ್ದು ಧೈರ್ಯವೇನಲ್ಲ. ಸಿಟ್ಟು. ಬೀರುವಿನಲ್ಲಿ ಬಿದ್ದಿದ್ದ ಆ ಟ್ಯಾಬಿನ ಮೇಲೆ ನನಗೆ ಹಗೆ ಹುಟ್ಟಿತ್ತು. ಅದನ್ನು ಕೊಟ್ಟುಬಿಡಬೇಕು ಎಂದು ಒಂದು ಬೆಳಿಗ್ಗೆ ಗಂಡನ ಹತ್ತಿರ ಬೀಗದ ಕೈ ಕೇಳಿ ತೆಗೆದುಕೊಂಡು, ಒಬ್ಬಳೇ ಅಂಗಡಿಗೆ ಹೋದೆ.

ಅಂಗಡಿಯಾಕೆ ನನ್ನನ್ನು ಮರೆತಿರಲಿಲ್ಲ. ಬಿಲ್ ಪುಸ್ತಕ ತೆಗೆದು, "ಯಾಕಕ್ಕ, ಸರಿ ಇಲ್ವಾ?" ಎಂದು ಬರೆದಳು. ನಾನು ಹೇಳಿದೆ. ಮರದ ಕೆಳಗಿನ ಬಿಸಿಲು, ಹಾರನ್ನು, ಮುದುಕಿ ಎಳೆದ ಗೆರೆ, ಎಲ್ಲವನ್ನೂ. ಅಂಗಡಿಯಲ್ಲಿ ಬೇರೆ ಗಿರಾಕಿಗಳು ತಿರುಗಿ ನೋಡುತ್ತಿದ್ದರು, ನನ್ನ ದನಿ ಏರಿತ್ತೆಂದು ಕಾಣುತ್ತದೆ. ಅವಳು ಪೂರ್ತಿ ಕೇಳಿ, "ಆಯಮ್ಮ ಪೆನ್ನಲ್ಲಿ ಗೆರೆ ಎಳದ್ರಲ್ಲ, ಅದು ನಿಮಗೆ ಅರ್ಥ ಆಯ್ತಲ್ವಾ?" ಎಂದು ಬರೆದಳು.

ಬೇಡ ಎಂದು ಅದಕ್ಕಿಂತ ಸ್ಪಷ್ಟವಾಗಿ ನನಗೆ ಆ ದಿನಗಳಲ್ಲಿ ಯಾರೂ ಹೇಳಿರಲಿಲ್ಲ.

ಆ ಮಂಕು ಬೂದು ಬಣ್ಣದ್ದು ಇನ್ನೂ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ತೋರಿಸಲು ಕೇಳಿದೆ. ಎರಡನ್ನೂ ಎತ್ತಿಕೊಂಡು ನಾವಿಬ್ಬರೂ ಬೀದಿಗೆ ಬಂದೆವು. ನೆತ್ತಿಯ ಮೇಲೆ ಬಿಸಿಲು. ಟ್ಯಾಬಿನಲ್ಲಿ ಆಕಾಶ ಮತ್ತು ವಿದ್ಯುತ್ ತಂತಿ ಕಂಡವು. ಬೂದು ಹಲಗೆಯ ಮೇಲೆ ಅವಳು ಬರೆದ 'ಅಕ್ಕ' ಎಂಬ ಅಕ್ಷರ ಸೀಸದ ಕಡ್ಡಿಯಲ್ಲಿ ಬರೆದ ಹಾಗೆ ನಿಚ್ಚಳವಾಗಿ ಕಂಡಿತು. ಬಿಸಿಲು ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತಿತ್ತು. ಪಹಣಿಯ ಪುಟ ತೆರೆಸಿ ನೋಡಿದೆ. ಎತ್ತಿನಗಾಡಿಯ ಹಾಗೆ ಬಂತು, ಬಣ್ಣವಿಲ್ಲ, ಬೆರಳಿನಿಂದ ಸರಿಸಿದರೆ ಒಂದು ಸಲ ಕಪ್ಪಾಗಿ ಮಿಂಚಿ ಮತ್ತೆ ಬರುತ್ತದೆ. ಆದರೆ ಬಂತು. ಸರ್ವೆ ನಂಬರು ಓದಲು ಬಣ್ಣ ಏಕೆ? ಚಾರ್ಜು ಎಷ್ಟು ಹೊತ್ತು ಬರುತ್ತದೆ ಎಂದೆ. ದಿನಗಟ್ಟಲೆ ಎಂದು ಬರೆದಳು. ಇದನ್ನು ಕೊಡು, ಅದನ್ನು ನೀನೇ ಇಟ್ಟುಕೋ ಎಂದೆ.

ಮತ್ತೆ ಯಳಂದೂರಿನಲ್ಲಿ ಮೇಜು ಹಾಕಿದ್ದೇನೆ. ಈಗ ನಾನು ಮಾತು ಕೇಳುವ ಆಸೆಯನ್ನು ಬಿಟ್ಟಿದ್ದೇನೆ. ಜನ ಬಂದು ಕೂತರೆ ಬೂದು ಹಲಗೆಯ ಮೇಲೆ ಚಿತ್ರ ಬರೆಯುತ್ತೇನೆ. ಆಸ್ತಿಯ ಕೆಲಸಕ್ಕೆ ವಂಶವೃಕ್ಷ ಹೇಗೂ ಬೇಕು. ಮೇಲೆ ಅಪ್ಪ ಅವ್ವ, ಕೆಳಗೆ ಮಕ್ಕಳು, ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಅದರ ಪಕ್ಕದಲ್ಲಿ ಹೊಲ, ಬದು, ಬಾವಿ, ದಾರಿ. ಬರೆದು ಪೆನ್ನು ಅವರ ಕೈಗೇ ಕೊಡುತ್ತೇನೆ. ಮೊದಲು ಹಿಂಜರಿಯುತ್ತಾರೆ. ಆಮೇಲೆ ಸತ್ತವರನ್ನು ಹೊಡೆದುಹಾಕುತ್ತಾರೆ, ಬಿಟ್ಟುಹೋದ ತಂಗಿಯನ್ನು ಸೇರಿಸುತ್ತಾರೆ, ಒತ್ತಿದ ಬದುವನ್ನು ತಮ್ಮ ಕಡೆಯಿಂದ ಆಚೆಗೆ ತಳ್ಳುತ್ತಾರೆ. ಬರೆದ ಮೇಲೆ ಗಟ್ಟಿಯಾಗಿ ಓದುತ್ತೇನೆ. ಓದುವಾಗ ಪುಟ ನೋಡುವುದಿಲ್ಲ, ಅವರ ಮುಖ ನೋಡುತ್ತೇನೆ. ಹುಬ್ಬು ಕೊಂಚ ಆಡಿದರೂ ನಿಲ್ಲಿಸುತ್ತೇನೆ. ಒಂದು ಅರ್ಜಿಗೆ ಅರ್ಧ ದಿನ ಹಿಡಿಯುತ್ತದೆ. ಅಷ್ಟು ಕಾಯುವ ಪುರುಸೊತ್ತು ಎಲ್ಲರಿಗೂ ಇಲ್ಲ. ಬಹಳ ಜನ ಪಕ್ಕದ ಮೇಜಿಗೆ ಹೋಗುತ್ತಾರೆ. ಹೋಗಲಿ. ಹನೂರಿಗೆ ಹೋದಾಗ ಈ ಹಲಗೆಯನ್ನು ತೆಗೆದುಕೊಂಡು ಹೋಗುವುದಿಲ್ಲ. ಅವ್ವ ತನ್ನ ಮಾತನ್ನು ತಾನು ಆಡುತ್ತಾಳೆ, ನಾನು ಅವಳ ಬಾಯಿ ನೋಡುತ್ತ ಕೂರುತ್ತೇನೆ. ಅರ್ಧಕ್ಕರ್ಧ ತಿಳಿಯುವುದಿಲ್ಲ. ತಿಳಿಯದ್ದನ್ನು ತಿಳಿಯಿತು ಎಂದು ತಲೆ ಆಡಿಸುವುದಿಲ್ಲ ಅಂದುಕೊಂಡಿದ್ದೆ. ಆಡಿಸುತ್ತೇನೆ.

ಹೋದ ವಾರ ಒಬ್ಬ ಗಂಡಸು ಬಂದರು, ಐವತ್ತರ ಮೇಲಿನ ಪ್ರಾಯ, ಒಗೆದ ಪಂಚೆ. ಕೂತ ಕೂಡಲೇ ಮಾತಾಡಲು ಶುರು ಮಾಡಿದರು. ನನಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದೆ, ಹಲಗೆಯನ್ನು ಮುಂದಿಟ್ಟೆ, ಮೇಲೆ ಎರಡು ಗುರುತು ಬರೆದು ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ. ಪೆನ್ನು ಕೈಗೆ ಕೊಟ್ಟರೆ ಮೇಜಿನ ಮೇಲೆ ಇಟ್ಟರು. ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಲೇ ಇದ್ದರು, ತುಟಿಯೂ ಕಾಣಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಪಕ್ಕದ ಮೇಜಿನವರನ್ನು ಕರೆಯೋಣ ಎಂದರೆ ಅವರು ಒಳಗೆ ಕಚೇರಿಯಲ್ಲಿದ್ದರು. ನಾನೇ ಏಳಲು ಹೋದೆ. ಆ ಗಂಡಸು ಕೂತಿರಿ ಎಂದು ಕೈ ಮಾಡಿದರು.

ಕೂತೆ. ಅವರು ಹೇಳಿ ಮುಗಿಸುವ ತನಕ ಕೂತೇ ಇದ್ದೆ. ಮುಗಿಸಿ ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು, ನನಗೆ ಕೈ ಮುಗಿದು, ಏನನ್ನೂ ಬರೆಸದೆ ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೋದರು. ಯಾವ ಊರೋ, ಏನು ಕಷ್ಟವೋ. ನನಗೆ ಕೇಳಿಸುವುದಿಲ್ಲ ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಹಲಗೆಯ ಮೇಲೆ ನಾನು 'ಅಪ್ಪ', 'ಅವ್ವ' ಎಂದು ಎರಡೇ ಗುರುತು ಬರೆದಿದ್ದೆ. ಅದನ್ನು ಅಳಿಸುವ ಮನಸ್ಸು ಬಾರದೆ, ಬೇರೆ ಪುಟ ತೆರೆದೆ.